ವಸ್ತಿ ಬಸ್ಸಿನ ಊರು

ನಮ್ಮೂರ ಕಾಡು ನನಗೆ ವಾಸನೆಯಿಂದ ಗೊತ್ತು.
ಐದೂ ಹತ್ತಕ್ಕೆ ಬಾಗಿಲೆಳೆದು ಹೊರಟರೆ
ಎಡಕ್ಕೆ ಕಮರದ ಚಿಗುರು, ಬಲಕ್ಕೆ ಸೀತಾಫಲದ ಪೊದೆ,
ನಡುವೆ ಡೀಸೆಲ್ಲು.
ಡೀಸೆಲ್ಲು ಬಂತೆಂದರೆ ಬಸ್ಸಿದೆ, ಇನ್ನೂ ಹೋಗಿಲ್ಲ.

ಕಮರಹಾಳಿಗೆ ಇರುವುದೊಂದೇ ಬಸ್ಸು.
ರಾತ್ರಿ ಒಂಬತ್ತಕ್ಕೆ ಬಂದು ಹುಣಸೆಮರದ ಕೆಳಗೆ ಮಲಗುತ್ತದೆ,
ಕೋಳಿಗಿಂತ ಮೊದಲು ಕೆಮ್ಮುತ್ತದೆ.
ಡ್ರೈವರ್ ಮಾಬುಸಾಬ ಸಿರುಗುಪ್ಪದ ಕಡೆಯವನು, ಬಯಲಿನವನು.
ಮೂರು ವರ್ಷದಿಂದ ನಮ್ಮೂರಲ್ಲಿ ಮಲಗುತ್ತಾನೆ,
ನಮ್ಮೂರನ್ನು ಹಗಲಲ್ಲಿ ಕಂಡಿಲ್ಲ.
"ಅಕ್ಕಾ, ನಿಮ್ಮೂರಾಗ ಗುಡ್ಡ ಐತಂತಲ್ಲ, ಎಲ್ಲೈತಿ?"
ಕೈ ಮಾಡಿ ತೋರಿಸಿದೆ.
ಕತ್ತಲಿಗೆ ಕತ್ತಲನ್ನು ತೋರಿಸಿದ ಹಾಗಾಯಿತು.

ಊರಿನ ಓಣಿಗಳು ಬೇರೆ, ಬಸ್ಸಿನ ಓಣಿಗಳು ಬೇರೆ.
ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟು ಅದರೊಳಗೆ ರೊಟ್ಟಿಗಂಟು ಇಟ್ಟ
ಎರ್ರಿಸ್ವಾಮಿಯ ಭುಜಕ್ಕೆ
ತಾಂಡಾದ ಸೀತಿಬಾಯಿ ನಿದ್ದೆಯಲ್ಲಿ ತಲೆಯಾನಿಸುತ್ತಾಳೆ.
ಇಬ್ಬರ ಮನೆಯಲ್ಲೂ ಇದು ಗೊತ್ತಿಲ್ಲ,
ಗೊತ್ತಿರಬೇಕಾದ್ದೂ ಇಲ್ಲ.
ಪಾಲಿಟೆಕ್ನಿಕ್ಕಿನ ಶೇಕ್ಷಾವಲಿ ಮೊಬೈಲ್ ಬೆಳಕಲ್ಲಿ ಗಣಿತ ಬಿಡಿಸುತ್ತಾನೆ,
ಪ್ರತಿ ತಿರುವಿಗೂ ಒಂದೊಂದು ಅಂಕಿ ಸೊಟ್ಟಗಾಗುತ್ತದೆ.

ಹೆಡ್‌ಲೈಟ್ ಬಿದ್ದಾಗ ದಿಂಡಿಗದ ಕೊಂಬೆಗಳು
ಬಿಳಿ ಪಕ್ಕೆಲುಬುಗಳಾಗಿ ನಿಲ್ಲುತ್ತವೆ.
ಕೆಲಸದ ಕಣ್ಣು ನನ್ನದು:
ಬಳ್ಳಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ
ದಿನಕ್ಕೆ ನೂರು ಸಲ "ಉಸಿರು ಹಿಡೀರಿ" ಅನ್ನುವವಳು.
ತೋರಣಗಲ್ಲಿನ ಗೇಟು ಬಿದ್ದರೆ ಇಡೀ ಬಸ್ಸು ಹಾಗೇ ಉಸಿರು ಹಿಡಿಯುತ್ತದೆ.
ಐವತ್ತೆಂಟು ಡಬ್ಬಿಗಳ ಅದಿರು ನಿಧಾನಕ್ಕೆ ದಾಟಬೇಕು,
ಅದಕ್ಕೇನು ಅವಸರ, ಕೋಟಿ ವರ್ಷ ನೆಲದಲ್ಲಿ ಕೂತಿತ್ತು.
ಆಚೆ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಪ್ಯಾಸೆಂಜರು
ನಾಲ್ಕೇ ನಿಮಿಷ ಕಾಯುತ್ತದೆ.
ಬಿಟ್ಟರೆ ಟಂಟಂ, ಕುಡಿತಿನಿ, ಮತ್ತೊಂದು ಟಂಟಂ,
ಅರ್ಧ ದಿನದ ಪಗಾರ.

ಹೋದ ಕಾರ್ತೀಕದಲ್ಲಿ ಕೆರೆಯಾಚೆ ಬೋರ್ಡು ನೆಟ್ಟರು:
"ಹಸಿರ ಮಡಿಲಲ್ಲಿ ನಿಮ್ಮ ಮನೆ. ತೋರಣಗಲ್ಲಿಗೆ ಕೇವಲ ಇಪ್ಪತ್ತು ನಿಮಿಷ."
ಎರ್ರಿಸ್ವಾಮಿ ಅಕ್ಷರ ಕೂಡಿಸಿ ಓದಿ ಕೇಳಿದ,
"ಯಾವ ಲಾರಿ ಹಿಂದ?"
ಆ ವಾರವೆಲ್ಲ ಬಸ್ಸು ಅದನ್ನೇ ನೆನೆದು ನಕ್ಕಿತು.

ಒಂದು ಗುರುವಾರ ಬಸ್ಸು ಏಳಲಿಲ್ಲ.
ನೂಕಿದೆವು. ಇನ್ನೊಮ್ಮೆ ನೂಕಿದೆವು.
ಸಂಡೂರಿನಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ
ಯಾರನ್ನೂ ಕೇಳದೆ ಬೆಳಕಾಗಿಬಿಟ್ಟಿತು.

ಮಾಬುಸಾಬ ಬಾಗಿಲಲ್ಲೇ ನಿಂತ.
ಗುಡ್ಡ ಅವನಂದುಕೊಂಡದ್ದಕ್ಕಿಂತ ಹತ್ತಿರವಿತ್ತು,
ಬಸ್ಸಿನ ಮೇಲೆ ಬಾಗಿ ಅದೂ ಇಂಜಿನ್ ನೋಡುತ್ತಿದೆಯೇನೋ ಅನ್ನುವ ಹಾಗೆ.
ನಾನೂ ನೋಡಿದೆ. ಭಾನುವಾರ ಬಟ್ಟೆ ಒಗೆಯುತ್ತ ನೋಡುವುದು ಬೇರೆ.
ಮರಗಳು ಸುಮಾರಿಗೆ ನಮ್ಮ ಹಾಗೆಯೇ ಇದ್ದವು,
ಮೇಲೆ ಕೆಂಪು ದೂಳು, ಎಲ್ಲೂ ಹೋಗದಿದ್ದರೂ
ದೂರದಿಂದ ಬಂದವರ ಮುಖ.
ಅವನು ಗಾಜೊರೆಸುವ ಬಟ್ಟೆಯನ್ನು ನೀರಲ್ಲಿ ಅದ್ದಿ
ಕೈಗೆಟುಕಿದ ಮುತ್ತುಗದ ಒಂದೆಲೆ ಒರೆಸಿದ.
ಒಂದೇ.
ಸೀತಿಬಾಯಿ "ಆಹಾ, ಉಳಿದವು ಯಾರ ಪಾಲಿಗ್ರಿ?" ಅಂದಳು.

ಎಂಟೂ ಇಪ್ಪತ್ತಕ್ಕೆ ಹೊರಟೆವು.
ಕಿಟಕಿಯ ಸೀಟಿಗೆ ಮೊದಲ ಸಲ ಜಗಳವಾಯಿತು.

ಮುಂದಿನ ವಾರ ಹೊಸ ಕಂಡಕ್ಟರ್ ಜಂಬಯ್ಯ ಬಂದ,
ಟಿಕೆಟ್ ಮಷೀನಿನ ಬೆಳಕಲ್ಲಿ ಮುಖ ಮಾತ್ರ ಇದ್ದವನು.
"ಏನೈತ್ರೀ ಈ ಊರಾಗ? ಏನೂ ಕಾಣವಲ್ದು."
ಮಾಬುಸಾಬ ಸ್ಟೀರಿಂಗ್ ಬಿಡಲಿಲ್ಲ,
ಗದ್ದ ಮಾತ್ರ ಎತ್ತಿದ,
"ಬಲಕ್ಕ ಗುಡ್ಡ."